ದೋಣಿ ತುಂಬುವವರೆಗೆ ಹೆಸರಿಲ್ಲದ ಮರಿ

ಮೊನ್ನೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ಒಬ್ಬ ಕುರಿಗಾರ ಬಂದು ನನ್ನ ಪಕ್ಕ ಕೂತ. ಹೊರಗೆ ಜಿಟಿಜಿಟಿ ಮಳೆ. ಅವನ ಹೆಗಲ ಮೇಲಿನ ಕರಿ ಕಂಬಳಿ ನೆನೆದು ಭಾರವಾಗಿತ್ತು.

"ಆ ಕಡಿ ಕುಂದರ್ತೀನಿ ತಡಿಯವ್ವ, ನಿನ್ನ ಸೀರಿ ಹಸಿಯಾಗ್ತೈತಿ" ಎಂದು ಏಳಹೋದ.

"ಇರ್ಲಿ ಬಿಡಪ್ಪ, ಕುಂದ್ರು" ಎಂದೆ.

ಒದ್ದೆ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನನಗೋ, ಅದು ಮೂಗಿಗೆ ತಾಕಿದರೆ ಸಾಕು, ಬಸ್ಸು, ಟಿಕೆಟ್ಟು, ಕಿಟಕಿಯಾಚೆಯ ಜಾಲಿ ಗಿಡ ಎಲ್ಲವೂ ಮಸುಕಾಗಿ ನಮ್ಮ ಹಳೆಯ ಮನೆಯ ಪಡಸಾಲೆ ಎದುರಿಗೆ ಬಂದು ನಿಲ್ಲುತ್ತದೆ. ಸಾರಿಸಿದ ನೆಲ ಇನ್ನೂ ಆರಿಲ್ಲ. ಬಾಗಿಲಿನಿಂದ ಬರುವ ಬೂದು ಬೆಳಕು ಆ ಹಸಿ ನೆಲದ ಮೇಲೆ ಮಲಗಿದೆ. ಅದರ ನಡುವೆ ನಾಲ್ಕು ಪುಟ್ಟ ಕಾಲಿನ ಗುರುತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಮದುವೆಯಾಗಿ ಕೊಟ್ಟೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಮನೆಯವರು ಮಂಡಿಯೊಂದರಲ್ಲಿ ಶೇಂಗಾ ತೂಗುವ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಮಾವ ತೀರಿಕೊಂಡು ಆಗಲೇ ವರ್ಷದ ಮೇಲಾಗಿತ್ತು. ಅವರು ಹೋದ ಮೇಲೆ ಅತ್ತೆ ಮಾತನ್ನೇ ಮೂಲೆಗಿಟ್ಟುಬಿಟ್ಟಿದ್ದರು. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಕೇಳಿದರೆ "ಹ್ಞೂಂ" ಅನ್ನುವರು, ಇಲ್ಲದಿದ್ದರೆ ಅದೂ ಇಲ್ಲ. ನಾನು ಹಿಟ್ಟು ನಾದುವುದು, ಅವರು ರೊಟ್ಟಿ ಬಡಿಯುವುದು. ಆ ಬಡಿಯುವ ಸದ್ದೇ ಮನೆಯೊಳಗಿನ ಮಾತು. ತವರಿನಲ್ಲಿ ಗುಬ್ಬಿಯಂತೆ ಚಿಲಿಪಿಲಿಗುಟ್ಟಿ ಬೆಳೆದ ನನಗೆ ಎಷ್ಟೋ ಸಲ ಹಿತ್ತಲಿಗೆ ಹೋಗಿ ಎಮ್ಮೆಯ ಹತ್ತಿರ ಮಾತಾಡಿ ಬರುವಂತಾಗುತ್ತಿತ್ತು.

ಮಘೆ ಮಳೆ ಹಿಡಿದಿತ್ತು. ಮನೆಯವರು ಮಂಡಿಯ ಖಾಲಿ ಚೀಲ ವಾಪಸು ತರಲು ಗುಡೇಕೋಟೆ ಕಡೆಗೆ ಹೋಗಿದ್ದರು. ಸಂಜೆ ಮೈಯೆಲ್ಲ ತೊಯ್ಸಿಕೊಂಡು ಬಂದವರ ಕಂಕುಳಲ್ಲಿ ಹರಿದ ಕಂಬಳಿಯ ಒಂದು ತುಂಡು, ತುಂಡಿನೊಳಗೆ ಏನೋ ಮಿಸುಕಾಟ. ಬಿಚ್ಚಿದರೆ ಕರಿ ಬಣ್ಣದ ನಾಯಿಮರಿ. ಎದೆಯ ಮೇಲೆ ವಿಭೂತಿ ಬೆರಳಲ್ಲಿ ಎಳೆದಂತೆ ಒಂದು ಬಿಳಿ ಗೀರು.

"ಚೀಲ ತರಾಕ ಹೋಗಿದ್ರಿ, ಏನು ತಂದ್ರಿ ಇದು?" ಎಂದೆ ನಾನು.

"ಕುರಿಗಾರ ಕೊಟ್ಟ ಕಣಲೇ. ಇದರ ತಾಯೀನ ತ್ವಾಳ ಒಯ್ತಂತ. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ."

ನೆಲಕ್ಕಿಳಿಸಿದ್ದೇ ತಡ, ಮರಿ ನಡುಗುತ್ತ ನಾಲ್ಕು ಹೆಜ್ಜೆ ಇಟ್ಟು, ನೇರ ಅತ್ತೆಯ ಕಾಲ ಬುಡಕ್ಕೆ ಹೋಗಿ, ಅಂದೇ ಸಾರಿಸಿದ್ದ ನೆಲದ ಮೇಲೆ ಉಚ್ಚೆ ಹೊಯ್ದುಬಿಟ್ಟಿತು.

"ಅಯ್ಯ ಇದರ ಹೆಣಾ ಎತ್ತ! ಸುಕ್ರಾರ ಸಾರಿಸಿದ ಮನಿ! ಇದೇನು ದೇವರ ಜಗಲಿ ಇರೋ ಮನಿನೋ, ಕುರಿ ಹಟ್ಟಿನೋ? ಆ ಕುರಿಗಾರಗ ಬುದ್ಧಿ ಇಲ್ಲ, ಇವಗೂ ಇಲ್ಲ!"

ನಾನು ಬಟ್ಟೆ ಹಿಡಿದು ಒರೆಸುತ್ತ ಕೂತವಳು ತಲೆ ತಗ್ಗಿಸಿ ನಕ್ಕೆ. ಅತ್ತೆಯ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದು ಎಷ್ಟು ಕಾಲವಾಗಿತ್ತು! ಮೈಲಾರಲಿಂಗಾ, ಇಷ್ಟಾದರೂ ಕೊಟ್ಟೆಯಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ.

ಮರುದಿನ ಅತ್ತೆ ತೀರ್ಪು ಹೇಳಿದರು. ನಮ್ಮ ಮನೆದೇವರು ಮೈಲಾರಲಿಂಗ. ಮಹಾನವಮಿ ಹೊತ್ತಿಗೆ ಗೊರವಯ್ಯಗಳನ್ನು ಮನೆಗೆ ಕರೆದು ದೋಣಿ ತುಂಬಿಸುವುದು ಹಿಂದಿನಿಂದ ಬಂದ ನಡೆ. ದೋಣಿ ಎಂದರೆ ಅವರು ತರುವ ಬಟ್ಟಲು. ಅದಕ್ಕೆ ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ತುಂಬಿ ಕಂಬಳಿಯ ಮೇಲಿಡುತ್ತೇವೆ. ಗೊರವಯ್ಯಗಳು ಮೈಲಾರಲಿಂಗನ ನಾಯಿಗಳೆಂದು ಹರಕೆ ಹೊತ್ತವರು. ಕೈ ಕಾಲು ಊರಿ, ಬೊಗಳುತ್ತ, ಬಾಯಿಂದಲೇ ಅದನ್ನು ಉಣ್ಣುತ್ತಾರೆ. ಮಾವ ತೀರಿಕೊಂಡ ವರ್ಷ ಅದು ನಿಂತಿತ್ತು. ಈ ವರ್ಷ ಕೂದಲೆಳೆಯಷ್ಟೂ ಕುಂದಿಲ್ಲದೆ ನಡೆಯಬೇಕೆಂಬುದು ಅತ್ತೆಯ ಹಟ.

"ಗೊರವಯ್ಯನೋರು ಬರೋತನ ನೋಡ್ತೀನಿ" ಎಂದರು. "ಅಷ್ಟ್ರಾಗ ಇದು ಮನ್ಯಾಗ ಇರೋ ರೀತಿ ಕಲೀತಂದ್ರ ಇರ್ಲಿ. ಇಲ್ಲಾಂದ್ರ ಬಂದ ದಾರಿ ಹಿಡಿದು ಗುಡೇಕೋಟಿಗೆ. ಮತ್ತ ಒಂದ ಮಾತು, ಅಲ್ಲೀತನ ಹೆಸರು ಇಡಬ್ಯಾಡ್ರಿ. ಹೆಸರಿಟ್ಟಮ್ಯಾಲ ಹೊರಗ ಹಾಕಾಕ ಬಾಯಿ ಬರಂಗಿಲ್ಲ."

ಹೀಗೆ ಹೆಸರಿಲ್ಲದ ಮರಿಗೆ ನಾನು ಪಂತೋಜಿಯಾದೆ.

ಪಕ್ಕದ ಮನೆಯ ಖಾಸಿಂಬಿ, ಪಂಪ್‌ಸೆಟ್ ರಿಪೇರಿ ಮಾಡುವವರ ಹೆಂಡತಿ, ಗೋಡೆಯ ಮೇಲಿಂದ ಇಣುಕಿ ದಿನಾ ಪಾಠ ನೋಡುತ್ತಿದ್ದಳು. "ನಮ್ಮ ಮನಿಯೊಳಗ ನಾಯಿ ಬರಂಗಿಲ್ಲ ಗಂಗಕ್ಕ, ನಮಾಜು ಮಾಡೋ ಮನಿ. ಖರೇ, ಹೊಟ್ಟಿಗೆ ಹಾಕಾಕ ಏನಡ್ಡಿ?" ಎಂದು ಗಂಡ ಬಡಿದು ತಗ್ಗು ಮಾಡಿಕೊಟ್ಟ ತಗಡಿನ ತಟ್ಟೆಯೊಂದನ್ನು ಗೋಡೆ ದಾಟಿಸಿದಳು. ಮರಿಯ ಮೊದಲ ಆಸ್ತಿ ಅದು.

ಬುದ್ಧಿ ಹೇಳುವವರಿಗೆ ಕಡಿಮೆ ಇರಲಿಲ್ಲ. ಹೊಲಸಿನಲ್ಲೇ ಅದರ ಮೂಗು ತಿಕ್ಕು ಎಂದರು ಅತ್ತೆ. ಒಂದೇಟು ಹಾಕು ಎಂದರು ಮನೆಯವರು. ತಾಯಿಯನ್ನು ತೋಳ ಒಯ್ದ ಮರಿಯ ಮೇಲೆ ಕೈ ಎತ್ತುವುದು ನನ್ನಿಂದಾಗಲಿಲ್ಲ. ಸುಮ್ಮನೆ ಅದನ್ನೇ ನೋಡುತ್ತ ಕೂತೆ. ನೋಡುತ್ತ ನೋಡುತ್ತ ತಿಳಿಯಿತು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ದಣಿದ ಕೂಡಲೇ ಅದಕ್ಕೆ ಅವಸರ. ಮೂಗು ನೆಲಕ್ಕೆ ಹಚ್ಚಿ ಗಿರಗಿರ ತಿರುಗಿತೆಂದರೆ ಇನ್ನು ತಡವಿಲ್ಲ. ಆಗ ಎತ್ತಿಕೊಂಡು ಹಿತ್ತಲ ಬೇವಿನ ಮರಕ್ಕೆ ಓಟ. ಒಲೆಯ ಮೇಲೆ ಸಾರು ಉಕ್ಕಲಿ, ಹೆಂಚಿನ ಮೇಲೆ ರೊಟ್ಟಿ ಸೀಯಲಿ. ಅಲ್ಲಿ ಕೆಲಸ ಮುಗಿಸಿತೋ, "ಶಾಣ್ಯಾ, ನನ್ನ ಶಾಣ್ಯಾ" ಎಂದು ಕತ್ತು ಸವರಿ ಒಂದು ಚೂರು ರೊಟ್ಟಿ. ಜಿಟಿಜಿಟಿ ಮಳೆಯಲ್ಲಿ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮರದ ಕೆಳಗೆ ನಿಂತು, ನಾಯಿಮರಿಯ ಮುಖವನ್ನು ಅಷ್ಟು ಆಸೆಯಿಂದ ನೋಡುತ್ತಿದ್ದೆನಲ್ಲ, ಈಗ ನೆನೆದರೆ ನಗು ಬರುತ್ತದೆ. ಊರವರು ದೇವರ ಹತ್ತಿರ ಮಳೆ ಬೆಳೆ ಬೇಡುತ್ತಿದ್ದರು. ನಾನು ಒಣ ಪಡಸಾಲೆ ಬೇಡುತ್ತಿದ್ದೆ.

ಆದರೂ ಒಂದು ಗೋಜಲು ಬಿಡಿಸಲಾಗಲಿಲ್ಲ. ಉಳಿದ ದಿನ ಚೆನ್ನಾಗಿರುವ ಮರಿ, ಮಂಗಳವಾರ ಶುಕ್ರವಾರ ಬಂದರೆ ಪಡಸಾಲೆಯ ನಟ್ಟನಡುವೆ ಕಾಲು ಮಡಚಿ ಕೂತುಬಿಡುತ್ತಿತ್ತು. ದೇವರ ವಾರಕ್ಕೇ ಇದು ಅಪಚಾರ ಮಾಡುತ್ತದೆ ಎಂದು ಅತ್ತೆ ಮುಖ ಸಿಂಡರಿಸುವರು. ಒಂದು ದಿನ ನಾನೇ ಬಗ್ಗಿ ಸಾರಿಸುತ್ತಿದ್ದಾಗ ಮೂಗಿಗೆ ಸಗಣಿಯ ವಾಸನೆ ಹತ್ತಿ, ಕೈ ಅಲ್ಲೇ ನಿಂತಿತು. ಅಯ್ಯೋ, ತಪ್ಪು ಅದರದಲ್ಲ! ಸಗಣಿಯ ವಾಸನೆ ಬರುವ ಜಾಗ ಎಂದರೆ ಅದಕ್ಕೆ ಹಿತ್ತಲು, ದನದ ಜಾಗ. ನಾನು ವಾರಕ್ಕೆರಡು ಸಲ ಪಡಸಾಲೆಯನ್ನು ಎಳೆದು ತಂದು ಹಿತ್ತಲು ಮಾಡುತ್ತಿದ್ದೆ. ಮರಿ ತಾನು ಕಲಿತದ್ದನ್ನು ಸರಿಯಾಗಿಯೇ ಒಪ್ಪಿಸುತ್ತಿತ್ತು.

ಸಾರಿಸುವುದನ್ನು ಬಿಡುವಂತಿಲ್ಲ. ತಾನು ಉಣ್ಣುವ ಜಾಗದಲ್ಲಿ ಅದು ಹೊಲಸು ಮಾಡುವುದಿಲ್ಲ ಎಂಬುದನ್ನು ನೋಡಿದ್ದೆ. ಅಂದಿನಿಂದ ಸಾರಿಸಿ ಆರಿದ ಕೂಡಲೇ ಪಡಸಾಲೆಯ ಮೂಲೆ ಮೂಲೆಗೆ, ನಡುವೆಯೂ, ಒಂದೊಂದು ಚೂರು ರೊಟ್ಟಿ ಇಡುತ್ತ ಬಂದೆ. ಮರಿ ಒಂದೊಂದನ್ನೇ ಹುಡುಕಿ ತಿನ್ನುತ್ತಿತ್ತು.

"ಏನಲೇ ಗಂಗೀ, ಮೂಲಿ ಮೂಲಿಗೆ ಎಡಿ ಹಿಡ್ಯಾಕತ್ತೀಯೇನು ಇದಕ್ಕ?" ಎಂದರು ಅತ್ತೆ.

"ಹ್ಞೂಂ ಅತ್ತೀ, ಇಡೀ ಪಡಸಾಲಿ ಅದರ ಗಂಗಾಳ ಅಂತ ತಿಳಿಸಿಕೊಡಾಕತ್ತೀನಿ."

"ಆಹಾ! ನಿಮ್ಮಪ್ಪನ ಮನ್ಯಾಗ ಇದನ್ನ ಕಲಿಸಿ ಕಳಿಸ್ಯಾರೇನು?" ಎಂದು ಮೂಗು ಮುರಿದರು. ಗೋಡೆಯಾಚೆ ಖಾಸಿಂಬಿ ಕಿಸಕ್ಕನೆ ನಕ್ಕಳು. ಅತ್ತೆ ಅವಳಿಗೂ ಒಂದು ಬೈಗುಳ ಎಸೆದರು. ಮನೆಯೊಳಗೆ ಮಾತು ಹೀಗೆ ಹನಿ ಹನಿಯಾಗಿ ತಿರುಗಿ ಬರತೊಡಗಿತ್ತು.

ಆ ಉಪಾಯ ನಾಟಿತು. ಮಂಗಳವಾರಗಳು, ಶುಕ್ರವಾರಗಳು ಒಣಗಿದವು.

ಉಣ್ಣುವ ರೀತಿಯನ್ನೂ ಕಲಿಸಿದೆ. ತಟ್ಟೆ ಮುಂದಿಟ್ಟು ಬೆರಳೆತ್ತಿದರೆ ಕೂತಿರಬೇಕು. "ಹ್ಞೂಂ, ತಿನ್ನು" ಎಂದ ಮೇಲೆಯೇ ಬಾಯಿ ಹಾಕಬೇಕು. ಮೊದಮೊದಲು ಜೊಲ್ಲು ಸುರಿಸಿ ಕುಂಯ್‌ಗುಟ್ಟುತ್ತಿತ್ತು. ಆಮೇಲೆ ಕಣ್ಣು ನನ್ನ ಬೆರಳಿಗೆ ನೆಟ್ಟು ಬೊಂಬೆಯಂತೆ ಕೂರುವುದನ್ನು ಕಲಿಯಿತು. ಸೆರಗು ಜಗ್ಗುವುದು ಬಿಟ್ಟಿತು. ಅಡಿಗೆಮನೆಯ ಹೊಸ್ತಿಲು ದಾಟಬಾರದೆಂಬುದು ತಿಳಿಯಿತು. ಬಂದವರ ಮೇಲೆ ಜಿಗಿಯುವುದು ಮಾತ್ರ ಕಡೆಯವರೆಗೂ ಪೂರ್ತಿ ಹೋಗಲಿಲ್ಲ. ಖಾಸಿಂಬಿಯ ಗಂಡ ನಮ್ಮ ಅಂಗಳಕ್ಕೆ ಕಾಲಿಡುವ ಮುಂಚೆ "ಅರೇ, ಅದನ್ನ ಹಿಡೀರವ್ವ, ನಮಾಜಿಗೆ ಹೊಂಟೀನಿ" ಎಂದು ಬೀದಿಯಿಂದಲೇ ಕೂಗುತ್ತಿದ್ದರು.

ಹುಬ್ಬೆ ಮಳೆ ಹಗಲಿಡೀ ಸುರಿದ ಒಂದು ದಿನ ನೆನಪಿದೆ. ಎಲ್ಲವೂ ನೀರಿನಡಿಯಲ್ಲಿ ಇದ್ದಂತೆ ತೋರುತ್ತಿತ್ತು. ಗುಡಿಯ ಗಂಟೆ ಕೂಡ ಎಲ್ಲೋ ಬಾವಿಯೊಳಗಿಂದ ಕೇಳಿದ ಹಾಗೆ. ಮಾವನ ಹಳೆಯ ಕಂಬಳಿ ಗೂಟದಿಂದ ಜಾರಿ ಬಿದ್ದಿತ್ತು. ಮರಿ ಅದರ ಮೇಲೆ ಸುರುಳಿ ಸುತ್ತಿ ಮಲಗಿಬಿಟ್ಟಿತ್ತು. ಆ ಕಂಬಳಿಯನ್ನು ಅತ್ತೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.  ಎಬ್ಬಿಸಲು ಹೋದರೆ ಅತ್ತೆ ಕೈ ಅಡ್ಡ ಹಿಡಿದರು.

"ಮಲಗೈತಿ, ಬಿಡು. ಒದ್ದಿ ಮಾಡ್ತಂದ್ರ ಮಾತ್ರ ನಾಳಿಗೇ ಗುಡೇಕೋಟಿ."

ನಾವಿಬ್ಬರೂ ಶೇಂಗಾ ಸುಲಿಯುತ್ತ ಅದನ್ನೇ ಕಾಯುತ್ತ ಕೂತೆವು. ಎಷ್ಟು ಹೊತ್ತೋ. ಮರಿ ಎಚ್ಚೆತ್ತು, ಆಕಳಿಸಿ, ಮೂಗು ನೆಲಕ್ಕೆ ಹಚ್ಚಿತು. ನಾನು ಏಳಲಿಲ್ಲ. ನಾನಾಗಿ ಎತ್ತಿಕೊಂಡು ಹೋದರೆ ಅದು ಕಲಿತಂತಾಗುವುದಿಲ್ಲವಲ್ಲ! ಅದು ಒಮ್ಮೆ ಸುತ್ತಿತು. ನಿಂತಿತು. ಆಮೇಲೆ ತಾನೇ ತಾನಾಗಿ ಪಡಸಾಲೆ ದಾಟಿ, ಸುರಿಯುವ ಮಳೆಯೊಳಗೆ ಇಳಿದು, ಬೇವಿನ ಮರಕ್ಕೆ ಹೋಗಿ ಕೂತಿತು. ತಿರುಗಿ ಬಂದು, ಮೈ ಜಾಡಿಸಿ, ಅದೇ ಕಂಬಳಿಯ ಮೇಲೆ ಉರುಳಿತು. ಮಾವನ ಕಂಬಳಿಯಿಂದ ಒದ್ದೆ ಉಣ್ಣೆಯ ವಾಸನೆ ಮನೆಯೆಲ್ಲ ತುಂಬಿತು. ಅತ್ತೆ ಸುಲಿಯುವುದನ್ನು ನಿಲ್ಲಿಸಿ, ಆ ವಾಸನೆಯನ್ನು ಎಳೆದುಕೊಳ್ಳುತ್ತ ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದರು.

ಆ ದಿನಗಳಲ್ಲೇ ಇನ್ನೊಂದನ್ನೂ ಗಮನಿಸಿದ್ದೆ. ಅತ್ತೆ ಊಟಕ್ಕೆ ಕೂತರೆ ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿದ್ದರು. ಒಬ್ಬರೇ ಕೂತು ಉಣ್ಣುವುದು ಅವರಿಗೆ ಸಂಕಟವಿರಬೇಕು, ನಾನು ನೋಡಬಾರದೆಂದಿರಬೇಕು ಎಂದುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಮರಿಯೂ ಆ ಹೊತ್ತಿಗೆ ಎಲ್ಲೋ ಮಾಯ. ಮಧ್ಯಾಹ್ನ ನಾನಿಟ್ಟ ತಟ್ಟೆಯನ್ನು ಅರ್ಧಕ್ಕೇ ಬಿಡುತ್ತಿತ್ತು. ಮಳೆಗಾಲ, ಹೊಟ್ಟೆ ಮಂದವಾಗಿರಬೇಕು ಎಂದು ಓಮದ ನೀರು ಕುಡಿಸಿದೆ.

ಮಹಾನವಮಿ ಬಂತು. ದೋಣಿ ತುಂಬಿಸುವ ಐತವಾರವೂ ಬಂತು. ಮಳೆ ಹಿಂದೆಗೆದು, ಬಿಸಿಲು ತುಪ್ಪದ ಹಾಗೆ ಅಂಗಳಕ್ಕೆ ಸುರಿದಿತ್ತು. ತಲೆ ಮೇಲೆ ನೀರು ಹಾಕಿಕೊಂಡು, ದೇವರಿಗೆಂದು ಎತ್ತಿಟ್ಟ ಮೀಸಲು ಹಾಲು ಕಾಯಿಸಿದೆವು. ಮನೆಯವರು ಮರಿಯನ್ನು ಬೇವಿನ ಮರಕ್ಕೆ ಕಟ್ಟಲು ಹಗ್ಗ ತಂದರು.

"ಕಟ್ಟಬ್ಯಾಡ" ಎಂದರು ಅತ್ತೆ. "ಕಟ್ಟಿಹಾಕಿದ್ರ ಹಗ್ಗ ಗಟ್ಟಿ ಐತಿ ಅಂತ ಗೊತ್ತಾಗ್ತೈತಿ, ಅದು ಕಲೀತೋ ಇಲ್ಲೋ ಹೆಂಗ ಗೊತ್ತಾಗಬೇಕು? ಇವತ್ತ ನೋಡೇಬಿಡೂಣು."

ಗೊರವಯ್ಯಗಳು ಮೂವರು ಬಂದರು. ಕರಿ ಕಂಬಳಿಯ ಅಂಗಿ, ಕವಡೆ ಸರ, ಹಣೆ ತುಂಬ ಭಂಡಾರದ ಅರಿಶಿನಪುಡಿ. ಹಿರಿಯ ಗೊರವಯ್ಯನಿಗೆ ಬಿಳಿ ಮೀಸೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ದೋಣಿಗಳನ್ನಿಟ್ಟರು. ಮರಿ ಬಾಗಿಲ ಬಳಿ ತನ್ನ ಗೋಣಿಯ ಮೇಲೆ ಕೂತಿತ್ತು. ನಾನು ಬೆರಳೆತ್ತಿದ್ದೆ. ಅದರ ಮೂಗಿನ ಮುಂದೆಯೇ ಹಾಲಿನ ತಂಬಿಗೆ ಹೋಯಿತು. ಕದಲಲಿಲ್ಲ. ತುಪ್ಪ ಹೋಯಿತು. ಬಾಳೆಹಣ್ಣು ಸುಲಿದರು, ಸಕ್ಕರೆ ಸುರಿದರು. ಜೊಲ್ಲು ಎಳೆಯಾಗಿ ಇಳಿಯುತ್ತಿದ್ದರೂ ಮರಿ ಕದಲಲಿಲ್ಲ. ಅಂಗಳದಲ್ಲಿ ನಿಂತಿದ್ದ ಖಾಸಿಂಬಿ "ಶಾಬಾಸ್" ಎಂದು ಬಾಯಾಡಿಸಿದಳು. ನನ್ನ ಎದೆ ಉಬ್ಬಿತು. ಇನ್ನೇನು ಮುಗಿಯಿತು, ಮರಿ ಇನ್ನು ನಮ್ಮದು.

ಹಿರಿಯ ಗೊರವಯ್ಯ ಡಮರುಗ ಅಲ್ಲಾಡಿಸಿ ಮೈಲಾರಲಿಂಗನ ಜಯಘೋಷಕ್ಕೆ ದನಿಯೆತ್ತಿದ. "ಏಳುಕೋಟಿ, ಏಳುಕೋಟಿ, ಏಳುಕೋಟಿಗೋ..."

ಮರಿ ಎದ್ದಿತು. ಓಡಲಿಲ್ಲ, ಜಿಗಿಯಲಿಲ್ಲ. ಕರೆದ ನೆಂಟನ ಹಾಗೆ ನೆಟ್ಟಗೆ ನಡೆದು ಹೋಗಿ, ಹಿರಿಯ ಗೊರವಯ್ಯನ ಪಕ್ಕ ಕೂತು, ಅವನ ದೋಣಿಗೆ ಮೂತಿ ಇಟ್ಟು ಲಪಲಪ ಹಾಲು ನೆಕ್ಕತೊಡಗಿತು.

"ಮೀಸಲು ಕೆಡ್ತಲ್ಲೋ!" ಎಂದು ಕಿರಿಯ ಗೊರವಯ್ಯ ಒದರಿದ. ಮನೆಯವರು ಕೋಲಿಗೆ ಕೈ ಹಾಕಿದರು. ನನ್ನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಕಣ್ಣು ಕತ್ತಲಿಟ್ಟಿತು. ಗುಡೇಕೋಟೆಯ ದಾರಿ ಆ ಕತ್ತಲೆಯಲ್ಲೂ ಸ್ಪಷ್ಟವಾಗಿ ಕಂಡಿತು.

ಹಿರಿಯ ಗೊರವಯ್ಯ ಆಗಲೇ ಕೈ ಕಾಲು ಊರಿದ್ದ. ಮರಿಯ ಮುಖಕ್ಕೆ ಮುಖ ತಂದು ನೋಡಿದ. ಮರಿಯೂ ಹಾಲು ಮೆತ್ತಿದ ಮೂತಿ ಎತ್ತಿ ಅವನನ್ನು ನೋಡಿತು. ಅವನು "ಭೌ" ಎಂದ. ಮರಿ ತನ್ನ ಎಳೆಯ ದನಿಯಲ್ಲಿ "ಭೌ" ಎಂದಿತು. ಅವನು ಒಂದಿಷ್ಟು ಸರಿದು ಜಾಗ ಕೊಟ್ಟು, ತಾನೂ ದೋಣಿಗೆ ಬಾಯಿ ಹಾಕಿದ. ಉಳಿದಿಬ್ಬರೂ ಬೊಗಳುತ್ತ ಬಗ್ಗಿದರು. ಕರಿ ಕಂಬಳಿ, ಕರಿ ಮರಿ, ಹಳದಿ ಧೂಳು, ಬಿಸಿಲಿನ ಕೋಲು. ಯಾರು ಹರಕೆಯ ನಾಯಿ, ಯಾವುದು ಹುಟ್ಟಿದ ನಾಯಿ ಎಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಆ ಗಳಿಗೆ ಇಂದಿಗೂ ನನಗೆ ಕನಸಿನಂತೆಯೇ ಇದೆ.

ಎಲ್ಲ ಮುಗಿದ ಮೇಲೆ ಹಿರಿಯ ಗೊರವಯ್ಯ ಮೀಸೆ ಒರೆಸಿಕೊಂಡು ಕೂತ.

"ಮೀಸಲು ಕೆಟ್ಟಿಲ್ಲ, ಅಂಜಬ್ಯಾಡ್ರಿ. ನಾವು ವೇಸ ಹಾಕ್ಕೊಂಡು ನಾಯಿ ಆದೋರು, ಇವ ಹುಟ್ಟಾ ನಾಯಿ. ಪಂಕ್ತ್ಯಾಗ ನಮಗಿಂತ ಮದ್ಲ ಕುಂದ್ರಬೇಕಾದಾವ. ಆದ್ರ ಒಂದು ಹೇಳ್ರಿ. ಹಾಲು ಬಂದಾಗ ಏಳಲಿಲ್ಲ, ಹಣ್ಣು ಬಂದಾಗ ಏಳಲಿಲ್ಲ. ಏಳುಕೋಟಿ ಅಂದಕೂಡ್ಲೇ ಎದ್ದ. ಇದನ್ನ ಕಲಿಸಿದೋರು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನಲ್ರಿ ಅಪ್ಪಾ" ಎಂದೆ. "ನಾ ಕಲಿಸಿದ್ದು ‘ಹ್ಞೂಂ, ತಿನ್ನು’ ಅಂತ."

ಅತ್ತೆ ಜಗಲಿಯ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದರು. ದೀಪದ ಬತ್ತಿ ಸರಿಮಾಡುತ್ತಿದ್ದರು. ಅದು ಸರಿಯಾಗಿಯೇ ಇತ್ತು.

"ನಾ ಕಲಿಸೀನಿ" ಎಂದರು.

"ಯವ್ವಾ, ನೀನಾ?" ಎಂದರು ಮನೆಯವರು.

"ಕಲಿಸಬೇಕಂತ ಕುಂತಿದ್ನೇನೋ? ಈ ಮನಿಗೆ ಬಂದಾಗಿಂದ ಏಳುಕೋಟಿ ಅಂದು ಮದ್ಲ ತುತ್ತು ನಿಮ್ಮಪ್ಪಗ ಮುರಿದು ಕೊಟ್ಟೀನಿ. ಅವರು ಹೋದ್ರು. ಕೈ ಕೇಳಬೇಕಲ್ಲ? ಮುರಿದ ತುತ್ತು ಹಿಡಕೊಂಡು ದಿನಾ ಯಾರ ದಾರಿ ನೋಡ್ಲಿ ನಾನು? ಇದು ಬಂದು ಹೊಸ್ತಿಲದಾಗ ಕುಂದ್ರತಿತ್ತು. ಕೊಟ್ಟೆ."

 ಅರ್ಧ ಮುಚ್ಚಿದ ಆ ಬಾಗಿಲು, ನಾನು ಸುಮ್ಮನೆ ಕುಡಿಸಿದ ಓಮದ ನೀರು, ಎಲ್ಲ ಒಮ್ಮೆಗೇ ಅರ್ಥವಾಯಿತು. ಗೊರವಯ್ಯ ಚೀಲದಿಂದ ಭಂಡಾರ ತೆಗೆದು ಮರಿಯ ನೆತ್ತಿಗೆ ಹಚ್ಚಿದ.

"ಹೆಸರೇನು ಇವಂದು?"

"ಇಟ್ಟಿಲ್ರಿ" ಎಂದರು ಮನೆಯವರು. "ಯವ್ವ ಬ್ಯಾಡಂದಾಳ."

ಅತ್ತೆ ತಿರುಗಲಿಲ್ಲ. ಬತ್ತಿಯ ಕಡೆಗೇ ಬಾಗಿ, ಮೆಲ್ಲಗೆ, "ಕೋಟ್ಯಾ" ಎಂದರು.

ಮರಿಯ ಕಿವಿ ನೆಟ್ಟಗಾಯಿತು. ಗೊರವಯ್ಯನ ಕೈಯಿಂದ ಜಾರಿ, ಪಡಸಾಲೆ ದಾಟಿ ಓಡಿಹೋಗಿ, ಅತ್ತೆಯ ಪಾದದ ಮೇಲೆ ತಲೆಯಿಟ್ಟು ಬಾಲ ಬಡಿಯತೊಡಗಿತು. ಆಗಷ್ಟೇ ಇಟ್ಟ ಹೆಸರಿಗೆ ಯಾವ ಮರಿಯೂ ಹಾಗೆ ಓಡುವುದಿಲ್ಲ.

"ಯಾ ಅಲ್ಲಾ!" ಎಂದು ಅಂಗಳದಿಂದ ಖಾಸಿಂಬಿ ಕೂಗಿದಳು. "ಗಂಗಕ್ಕ, ನಿಮ್ಮತ್ತಿ ನಮ್ಮನ್ನೆಲ್ಲ ಮಾರಿ ಬರೋ ಹೆಣ್ಮಗಳು!"

"ಸುಮ್ನಿರ ಬಾಯಿಬಡಕಿ" ಎಂದರು ಅತ್ತೆ. ನಗುತ್ತಿದ್ದರೋ ಅಳುತ್ತಿದ್ದರೋ, ಬೆನ್ನಿನಿಂದ ತಿಳಿಯುವಂತಿರಲಿಲ್ಲ.

ಗೊರವಯ್ಯಗಳನ್ನು ಬೀಳ್ಕೊಟ್ಟು ಊಟಕ್ಕೆ ಕೂರುವಾಗ ಹೊತ್ತು ಇಳಿದಿತ್ತು. ಅಂದು ಅಡಿಗೆಮನೆಯ ಬಾಗಿಲು ಪೂರ್ತಿ ತೆರೆದಿತ್ತು. ನಾನು ಎಂದಿನಂತೆ ಬಡಿಸಿಟ್ಟು ಹಿತ್ತಲಿಗೆ ಹೊರಟೆ.

"ಲೇ ಗಂಗೀ, ಎಲ್ಲಿಗೆ ಹೊಂಟಿ? ನೀನೂ ಒಂದು ಗಂಗಾಳ ಹಾಕ್ಕೋ. ಕುಂದ್ರು."

ಮದುವೆಯಾಗಿ ಬಂದಾಗಿನಿಂದ ನಾನು ಎಲ್ಲರದೂ ಮುಗಿದ ಮೇಲೆ ಉಣ್ಣುತ್ತಿದ್ದವಳು. ಹಿಂಜರಿಯುತ್ತ ಅವರ ಎದುರಿಗೆ ಕೂತೆ. ಕೋಟ್ಯಾ ಹೊಸ್ತಿಲಾಚೆ ಕಾಯುತ್ತಿದ್ದ, ಒಂದು ಕಾಲೂ ಒಳಗಿಟ್ಟಿರಲಿಲ್ಲ. ಅತ್ತೆ "ಏಳುಕೋಟಿ" ಎಂದು ರೊಟ್ಟಿ ಮುರಿದು ಮೊದಲ ತುತ್ತನ್ನು ಅವನಿಗೆ ಕೊಟ್ಟರು. ಆಮೇಲೆ ಇನ್ನೊಂದು ತುತ್ತು ಮುರಿದು, ಪಲ್ಯ ಹಚ್ಚಿ, ನನ್ನ ಗಂಗಾಳದೊಳಗೆ ಇಟ್ಟರು.

ನಾನು ತಿನ್ನದೆ ಅದನ್ನೇ ನೋಡುತ್ತಿದ್ದೆ.

"ಹ್ಞೂಂ, ತಿನ್ನು" ಎಂದರು ಅತ್ತೆ.